ಬಹುಶ್ರುತಪುರದ ಹೂಂ

ಅವರೆಕಾಯಿಯ ಸೊಗಡು ಮೂಗಿಗೆ ಬಿದ್ದರೆ ನನಗೆ ಇವತ್ತಿಗೂ ಕಥೆ ಕೇಳಬೇಕೆನಿಸುತ್ತದೆ. ಚಳಿಗಾಲದ ಸಂಜೆ ನಮ್ಮಜ್ಜಿ ಮೊರದ ತುಂಬ ಅವರೆಕಾಯಿ ಸುರಿದುಕೊಂಡು, ಮೊಮ್ಮಕ್ಕಳನ್ನೆಲ್ಲ ಸುತ್ತ ಕೂರಿಸಿ, ಕಥೆ ಹೇಳುತ್ತ ಕಾಯಿ ಸುಲಿಸುತ್ತಿದ್ದರು. ಬೆರಳಿಗೆ ಅಂಟಿದ ಆ ಹಸಿರು ವಾಸನೆ ಸೋಪು ಹಾಕಿ ತೊಳೆದರೂ ಬೆಳಗಿನವರೆಗೆ ಬಿಡುತ್ತಿರಲಿಲ್ಲ. ಅಜ್ಜಿಯ ನಿಯಮ ಒಂದೇ: ಕೇಳುವವರು ನಡುನಡುವೆ ‘ಹೂಂ’ ಎನ್ನಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ರಾಜಕುಮಾರ ಹುಲಿಯ ಬಾಯಲ್ಲೇ ಇದ್ದರೂ ಸರಿ, ಅಜ್ಜಿ ಅವನನ್ನು ಅಲ್ಲೇ ಬಿಟ್ಟು ಸುಮ್ಮನೆ ಕಾಯಿ ಸುಲಿಯುತ್ತಿದ್ದರು. ನಮ್ಮ ಆ ಹೂಂಗೆ ‘ನಾನಿನ್ನೂ ನಿದ್ದೆ ಹೋಗಿಲ್ಲ, ಹೇಳಿ’ ಎನ್ನುವುದನ್ನು ಬಿಟ್ಟು ಬೇರೆ ಅರ್ಥವೇನೂ ಇರಲಿಲ್ಲ.

ಅದಕ್ಕೆ ಬೇರೆ ಅರ್ಥವೂ ಉಂಟೆಂದು ಕಂಡುಹಿಡಿದ ಒಂದು ರಾಜ್ಯದ ಕಥೆ ಇದು. ಓದುವವರು ಹೂಂ ಎನ್ನಬೇಕಾಗಿಲ್ಲ. ಎನ್ನದಿರುವುದೇ ಕ್ಷೇಮ.

ತುಂಬಾ ಹಿಂದಿನ ಮಾತು, ಬಹುಶ್ರುತಪುರವೆಂಬ ರಾಜ್ಯವೊಂದಿತ್ತು. ಎಷ್ಟು ಹಿಂದೆ ಎಂದರೆ, ರಾಜರು ಇನ್ನೂ ಆನೆಯ ಮೇಲೆ ಕೂತು ಬರುತ್ತಿದ್ದ ಕಾಲ. ಅಂಬಾರಿಯಲ್ಲಿ ಚಾರ್ಜಿಂಗ್ ಪಾಯಿಂಟ್ ಮಾತ್ರ ಇತ್ತು. ಅಲ್ಲಿ ಆಳುತ್ತಿದ್ದವರು ಶ್ರೀಮನ್ಮಹಾರಾಜ ವಾಗ್ವರ್ಧನರು. ಪ್ರಜಾವತ್ಸಲರು, ದಾನಶೂರರು, ಒಟ್ಟಿನಲ್ಲಿ ಕೆಟ್ಟವರಲ್ಲ. ಮಾತು ಸ್ವಲ್ಪ ಹೆಚ್ಚು. ಅದಕ್ಕೂ ಕಾರಣವಿತ್ತು. ಮಗುವಾಗಿದ್ದಾಗ ಅವರು ಏನೇ ತೊದಲಿದರೂ ಅವರ ದಾದಿ ಕೈಕೆಲಸ ಬಿಟ್ಟು, ಮುಖ ನೋಡಿ, ‘ಹೂಂ, ಆಮೇಲೆ?’ ಎನ್ನುತ್ತಿದ್ದಳಂತೆ. ಒಂದು ಹೆಂಗಸಿನ ಅಕ್ಕರೆ ಮುಂದೆ ಒಂದು ರಾಜ್ಯಕ್ಕೆ ಎಷ್ಟು ದುಬಾರಿಯಾಗಬಹುದೆಂದು ಆ ಬಡಪಾಯಿಗೆ ಹೇಗೆ ಗೊತ್ತಾಗಬೇಕು?

ರಾಜಧಾನಿಯ ಗುಡ್ಡದ ಮೇಲೆ ಒಂದು ವಿಶ್ವವಿದ್ಯಾಲಯವಿತ್ತು. ಅದರ ಸುತ್ತ ಎತ್ತರದ ಕಲ್ಲಿನ ಕಾಂಪೌಂಡು. ಆ ಗೋಡೆಯ ಬುಡದಲ್ಲಿ ಗಾಡಿಯವರು ಎತ್ತು ಬಿಚ್ಚಿ ಮಲಗುತ್ತಿದ್ದರು, ಹೂವಿನವರು ಬುಟ್ಟಿ ಇಳಿಸುತ್ತಿದ್ದರು. ಪಕ್ಕದಲ್ಲೇ ಗಂಜಿಮನೆ. ರಾಜರ ಮುತ್ತಜ್ಜಿಯ ಕಾಲದಿಂದ ಅಲ್ಲಿ ದಿನಾ ಮಧ್ಯಾಹ್ನ ಒಲೆ ಉರಿಯುತ್ತಿತ್ತು. ಯಾರು ಬೇಕಾದರೂ ಬಂದು ಕೂರಬಹುದು. ಹೆಸರು ಕೇಳುತ್ತಿರಲಿಲ್ಲ, ಊರು ಕೇಳುತ್ತಿರಲಿಲ್ಲ. ಮುದ್ದೆ, ಸಾರು, ಮಜ್ಜಿಗೆ. ಬಡಿಸುತ್ತಿದ್ದವಳು ದೊಡ್ಡತಾಯಮ್ಮ. ಇನ್ನೂ ಬೇಕೇ ಎಂದು ಅವಳು ಕೇಳಿದ್ದನ್ನು ಯಾರೂ ಕಂಡಿಲ್ಲ. ಬೇಕು ಅನ್ನಲು ಕೆಲವರಿಗೆ ನಾಚಿಕೆ ಎಂದು ಅವಳಿಗೆ ಗೊತ್ತಿತ್ತು. ತಟ್ಟೆ ನೋಡುತ್ತಿದ್ದಳು, ಹಾಕುತ್ತಿದ್ದಳು, ಮುಂದೆ ಹೋಗುತ್ತಿದ್ದಳು.

ಒಂದು ದಿನ ಒಡ್ಡೋಲಗದಲ್ಲಿ ಮಹಾರಾಜರಿಗೆ ಆಕಳಿಕೆ ಬಂದ ಸಮಯದಲ್ಲಿ ಒಂದು ಪ್ರಶ್ನೆಯೂ ಬಂತು. ಅವರು ವಿಶ್ವವಿದ್ಯಾಲಯದ ಕುಲಪತಿ ನವನೀತರಾಯರ ಕಡೆ ತಿರುಗಿದರು. ನವನೀತರಾಯರು ಹೆಸರಿಗೆ ತಕ್ಕವರು. ಅವರು ಮಾತನಾಡಿ ಹೋದ ಮೇಲೆ ಸಿಂಹಾಸನದ ಕೈ ಜಿಡ್ಡಾಗಿರುತ್ತದೆ ಎಂದು ಅರಮನೆಯ ಆಳುಗಳು ದೂರುತ್ತಿದ್ದರು.

“ಕುಲಪತಿಗಳೇ, ತಮ್ಮ ವಿಶ್ವವಿದ್ಯಾಲಯದಿಂದ ನಮ್ಮ ಪ್ರಜೆಗಳಿಗೆ ಏನು ದೊರೆಯುತ್ತಿದೆ?”

“ನೆರಳು, ಮಹಾಪ್ರಭು,” ಎಂದುಬಿಟ್ಟರು ಕುಲಪತಿಗಳು. ನಿಜ ಬಾಯಿಂದ ಜಾರಿದ್ದು ತಿಳಿದ ಕೂಡಲೇ, “ಜ್ಞಾನದ ನೆರಳು” ಎಂದು ತಿದ್ದಿಕೊಂಡರು.

“ನೆರೆರಾಜ್ಯದಲ್ಲಿ ಔಟ್‌ರೀಚ್ ಎಂದು ಏನೋ ಮಾಡುತ್ತಿದ್ದಾರಂತೆ. ಪಂಡಿತರು ತಮ್ಮ ಕೋಣೆಯಲ್ಲೇ ಕುಳಿತು ಹೊಸ ಚಿಂತನೆಗಳನ್ನು ಹೇಳುತ್ತಾರಂತೆ, ಪ್ರಜೆಗಳು ತಮ್ಮ ಬೀದಿಯಲ್ಲೇ ನಿಂತು ಕೇಳುತ್ತಾರಂತೆ. ನಮ್ಮಲ್ಲಿ ಅದು ಇದೆಯೇ?”

“ಇದೆ, ಪ್ರಭು. ನಾಳೆಯಿಂದ ಇದೆ.”

ಹೀಗೆ ‘ಜ್ಞಾನಗಂಗಾವತರಣ ಆನ್‌ಲೈನ್ ಉಪನ್ಯಾಸ ಮಾಲಿಕೆ’ ಹುಟ್ಟಿತು. ಬೀದಿ ಬೀದಿಗೆ ಕಂಬ ನೆಟ್ಟು, ಕಂಬದ ಮೇಲೆ ಪರದೆ ಕಟ್ಟಿ, ಪರದೆಯ ಕೆಳಗೆ ಪ್ರಜೆಗಳ ದನಿ ಹಿಡಿಯುವ ಒಂದು ಪೆಟ್ಟಿಗೆ ಇಟ್ಟರು. ಉದ್ಘಾಟನೆಗೆ ಸ್ವತಃ ಮಹಾರಾಜರೇ ‘ಆಲಿಸುವಿಕೆಯ ಮಹತ್ವ’ ಎಂಬ ವಿಷಯದ ಮೇಲೆ ಮಾತನಾಡಲು ಕೂತರು.

ಮೊದಮೊದಲು ಊರಿನ ಸದ್ದೆಲ್ಲ ಅರಮನೆಗೆ ನುಗ್ಗಿತು. ಕುಕ್ಕರು ಕೂಗಿತು, ನಾಯಿ ಬೊಗಳಿತು, ಯಾರದೋ ಮನೆಯ ಅತ್ತೆ ಸೊಸೆಗೆ ಹೇಳಿದ್ದೆಲ್ಲ ಆಸ್ಥಾನಕ್ಕೆ ಕೇಳಿಸಿತು. ಕುಲಪತಿಗಳು ಗಾಬರಿಯಿಂದ ಇಡೀ ರಾಜ್ಯವನ್ನು ಮ್ಯೂಟ್ ಮಾಡಿದರು. ಆಗ ಆದ ಅನಾಹುತವನ್ನು ಯಾರೂ ಊಹಿಸಿರಲಿಲ್ಲ. ಮಹಾರಾಜರು ಒಂದು ವಾಕ್ಯ ಹೇಳಿದರು, ಕಾದರು. ಇನ್ನೊಂದು ಹೇಳಿದರು, ಮತ್ತೆ ಕಾದರು. ಮೂರನೆಯದನ್ನು ಅರ್ಧಕ್ಕೇ ನಿಲ್ಲಿಸಿ ಎದ್ದುಬಿಟ್ಟರು. ಹುಟ್ಟಿದಂದಿನಿಂದ ಹೂಂ ಇಲ್ಲದೆ ಮಾತನಾಡಿ ಅವರಿಗೆ ಅಭ್ಯಾಸವಿರಲಿಲ್ಲ. ಆ ಸಂಜೆ ಊಟ ಬಿಟ್ಟು ಮಂಚ ಹಿಡಿದರು. ನಮ್ಮ ಮಾತು ಬಾವಿಗೆ ಬಿದ್ದ ಕೊಡದಂತಾಯಿತು, ಸದ್ದೂ ಇಲ್ಲ, ನೀರೂ ಇಲ್ಲ ಎಂದು ರಾಣಿಯವರ ಮುಂದೆ ಕಣ್ಣೊರೆಸಿಕೊಂಡರಂತೆ.

ರಾಜರ ದುಃಖ ವಿಶ್ವವಿದ್ಯಾಲಯಕ್ಕೆ ಅನುದಾನವಾಗಿ ಬಂತು. ಕೂಡಲೇ ಹೂಂಕಾರ ಅಧ್ಯಯನ ವಿಭಾಗವನ್ನು ತೆರೆಯಲಾಯಿತು. ಹೆಸರು ಕೇಳಿ ನೆರೆರಾಜ್ಯದವರು ಯಾವುದೋ ಹೊಸ ಪಡೆ ಎಂದು ಹೆದರಿ ಗಡಿಯಲ್ಲಿ ಕಾವಲು ಹೆಚ್ಚಿಸಿದರು. ವಿಭಾಗದವರು ಹಗಲಿರುಳು ದುಡಿದು ಪೆಟ್ಟಿಗೆಗೆ ಒಂದು ಜರಡಿ ಜೋಡಿಸಿದರು. ಪ್ರಜೆಗಳು ಏನೇ ಹೇಳಲಿ, ಜರಡಿ ಎಲ್ಲವನ್ನೂ ಕೆಳಗುದುರಿಸಿ ಹೂಂ ಒಂದನ್ನು ಮಾತ್ರ ಮೇಲೆ ಕಳಿಸುತ್ತಿತ್ತು. ಹೂಂ ಬಂದ ಕೂಡಲೇ ಕಂಬದ ಮೇಲೆ ಹಸಿರು ದೀಪ ಹೊತ್ತಿಕೊಳ್ಳುತ್ತಿತ್ತು. ನೇಕಾರರ ಬೀದಿಯ ಮುದುಕರೊಬ್ಬರು ನಮ್ಮ ಮನೆ ಮುಂದಿನ ಚರಂಡಿ ಯಾವಾಗ ಸರಿಮಾಡುತ್ತೀರಿ ಎಂದು ವಿವರವಾಗಿ ಕೇಳಿ ಕೊನೆಯಲ್ಲಿ ಕೆಮ್ಮಿದರು. ಚರಂಡಿ ಉದುರಿತು, ಕೆಮ್ಮು ಹೂಂ ಆಗಿ ಅರಮನೆ ತಲುಪಿತು. ಮಹಾರಾಜರು ಆ ರಾತ್ರಿ ಹೊಟ್ಟೆ ತುಂಬ ಉಂಡರು.

ಬಹುಶ್ರುತಪುರದ ಜನ ಸಭ್ಯರು ಎಂಬುದನ್ನು ಇಲ್ಲಿ ಹೇಳಲೇಬೇಕು. ಯಾರಾದರೂ ಎದುರಿಗೆ ನಿಂತು ಮಾತನಾಡುತ್ತಿದ್ದರೆ ಅರ್ಥವಾಗಲಿ ಬಿಡಲಿ ಹೂಂ ಎನ್ನುವುದು ಅವರ ಪದ್ಧತಿ. ಹೂವು ಕಟ್ಟುವ ಹೆಂಗಸರು ನಕ್ಷತ್ರಗಳ ಸಾವಿನ ಬಗ್ಗೆ ಕೇಳುತ್ತ, ಪಾಪ, ಅಷ್ಟು ದೂರದಲ್ಲಿ ಸಾಯುತ್ತವಲ್ಲ ಎಂದು ಮರುಗಿ ಹೂಂಗುಟ್ಟಿದರು. ಎರೆಹುಳುವಿನ ಮೇಲೆ ಮಾತನಾಡಿದ ಅಧ್ಯಾಪಕಿಯಂತೂ ಊರಿಗೇ ಅಚ್ಚುಮೆಚ್ಚಾದಳು. ಆಕೆ ಮಣ್ಣಿನ ಬಗ್ಗೆ ತನ್ನ ಮನೆಯವರ ಬಗ್ಗೆ ಹೇಳುವ ಹಾಗೆ ಹೇಳಿದಳು. ಕ್ಷೌರಿಕನೊಬ್ಬ ಅದನ್ನು ಕೇಳುತ್ತ ಮೈಮರೆತು, ಕೂತವನ ಅರ್ಧ ಮೀಸೆ ತೆಗೆದು, ಆಮೇಲೆ ದುಡ್ಡು ಬೇಡವೆಂದು ಕೈಮುಗಿದ. ಕೆಲವು ವಾರ ನಿಜಕ್ಕೂ ಚೆನ್ನಾಗಿತ್ತು. ಕಾಂಪೌಂಡಿನೊಳಗೆ ಇಂಥವರೂ ಇದ್ದರೇ ಎಂದು ಜನ ಬೆರಗಾದರು.

ಅಷ್ಟರಲ್ಲಿ ಮಂತ್ರಿ ಅನುಮೋದರಾಯರ ಕಣ್ಣು ಹಸಿರು ದೀಪದ ಮೇಲೆ ಬಿತ್ತು. ಅವರು ಆಸ್ಥಾನದಲ್ಲಿ ಎದ್ದು ನಿಂತು, ಮದುವೆಯ ಮಾತಿನಲ್ಲಿ ಹುಡುಗಿ ಹೂಂ ಎಂದರೆ ಏನರ್ಥ, ಒಪ್ಪಿಗೆ ಎಂದು ತಾನೇ ಎಂದರು. ಹಾಗಿದ್ದ ಮೇಲೆ ಉಪನ್ಯಾಸಕ್ಕೆ ಪ್ರಜೆಗಳು ಎಂದ ಹೂಂ ಮಾತ್ರ ಬೇರೆ ಹೇಗಾದೀತು? ಇಷ್ಟು ದಿನ ಪ್ರಜಾಸಮ್ಮತಿ ಬೀದಿಯಲ್ಲಿ ಬಿದ್ದು ಹಾಳಾಗುತ್ತಿದೆ, ಪ್ರಭು, ಅದನ್ನು ಬಳಸಿಕೊಳ್ಳೋಣ ಎಂದರು.

ಭಾಷಾಶಾಸ್ತ್ರದ ಹಿರಿಯ ಪ್ರಾಧ್ಯಾಪಕಿಯೊಬ್ಬರು ಆಕ್ಷೇಪಿಸಿದರು. ಕೇಳುತ್ತಿದ್ದೇನೆ ಎನ್ನಲೂ ಹೂಂ, ಮುಂದುವರಿಸಿ ಎನ್ನಲೂ ಹೂಂ, ನಂಬಿಕೆಯಿಲ್ಲದಿದ್ದರೂ ಹೂಂ, ಸಾಕು ಬಿಡಿ ಎನ್ನಲೂ ಹೂಂ. ರಾಗ ನೋಡಬೇಕು, ಅಕ್ಷರವಲ್ಲ ಎಂದು ಅವರು ತಾಳ್ಮೆಯಿಂದ ವಿವರಿಸಿದರು. ಆಸ್ಥಾನದಲ್ಲಿ ಯಾರಿಗೂ ಅದು ಹಿಡಿಸಲಿಲ್ಲ. ಕೊನೆಗೆ ಅವರು ನಿಟ್ಟುಸಿರಿಟ್ಟು ‘ಹೂಂ’ ಎಂದು ಕುಳಿತರು. ಪ್ರಾಧ್ಯಾಪಕಿಯವರೂ ಒಪ್ಪಿದ್ದಾರೆ ಎಂದು ಅನುಮೋದರಾಯರು ಸಭೆಗೆ ತಿಳಿಸಿದರು.

ಹೀಗೆ ‘ಶ್ರವಣಸಮ್ಮತಿ ಶಾಸನ’ ಜಾರಿಗೆ ಬಂತು. ಮಾಲಿಕೆಯಲ್ಲಿ ಯಾವ ಹೊಸ ಚಿಂತನೆಗೆ ಹೂಂ ಬೀಳುತ್ತದೋ ಅದು ಕಾಯಿದೆ. ಶಾಸನವನ್ನು ಅದೇ ಕಂಬಗಳ ಮೇಲೆ ಓದಿದರು. ಜನ ಅದಕ್ಕೂ ಸಭ್ಯತೆಯಿಂದ ಹೂಂ ಎಂದರು. ಕಾಲ ಎಂಬುದು ಎಲ್ಲರಿಗೂ ಒಂದೇ ಅಲ್ಲ ಎಂದು ಭೌತಶಾಸ್ತ್ರದವರು ಹೇಳಿದ್ದರಿಂದ ಸರ್ಕಾರಿ ಕಚೇರಿಗಳಿಗೆ ಗಡಿಯಾರದಿಂದ ವಿನಾಯಿತಿ ಸಿಕ್ಕಿತು. ಎರೆಹುಳು ರೈತನ ನಿಜವಾದ ಮಿತ್ರ ಎಂಬ ಮಾತಿಗೆ ಊರೆಲ್ಲ ಪ್ರೀತಿಯಿಂದ ಹೂಂ ಎಂದಿತ್ತಲ್ಲ, ಅದರ ಫಲವಾಗಿ ಕೃಷಿ ಇಲಾಖೆಯವರನ್ನೆಲ್ಲ ಮನೆಗೆ ಕಳಿಸಿ ಅವರ ಜಾಗಕ್ಕೆ ಎರೆಹುಳುಗಳನ್ನು ನೇಮಿಸಿದರು. ಅಧ್ಯಾಪಕಿ ತಾನು ಹೇಳಿದ್ದು ಅದಲ್ಲವೆಂದು ಕಂಬದ ಕೆಳಗೆ ನಿಂತು ಅತ್ತಳು. ಜರಡಿ ಅಳುವನ್ನು ಉದುರಿಸಿತು.

ಆಗ ಜನಕ್ಕೆ ತಮ್ಮ ಹೂಂ ಏನಾಗುತ್ತಿದೆ ಎಂದು ತಿಳಿಯಿತು.

ಇತ್ತ ಮಹಾರಾಜರಿಗೆ ಒಂದು ಹೊಸ ಯೋಚನೆ ಬಂದಿತ್ತು. ಆನ್‌ಲೈನ್ ಮಾಲಿಕೆಗೆ ಒಂದು ಕಟ್ಟಡ ಬೇಕು. ಆನ್‌ಲೈನ್ ಮಾಲಿಕೆಗೆ ಕಟ್ಟಡ ಏಕೆ ಎಂದು ಕೇಳುವವರು ಆಸ್ಥಾನದಲ್ಲಿರಲಿಲ್ಲ. ಗುಡ್ಡದ ಹಿನ್ನೆಲೆ ಚೆನ್ನಾಗಿ ಬರುವ ಜಾಗ ಊರಿನಲ್ಲಿ ಒಂದೇ, ಅದು ಗಂಜಿಮನೆ. ಮುತ್ತಜ್ಜಿ ಕಟ್ಟಿಸಿದ್ದನ್ನು ಸುಮ್ಮನೆ ಕೆಡವಿದರೆ ಅಪವಾದ ಬರುತ್ತದೆ. ಪ್ರಜೆಗಳೇ ಹೂಂ ಎಂದರೆ ಯಾವ ಅಪವಾದ? ‘ಊಟದಾಚೆಗೆ: ಹಸಿವಿನ ಮರುಕಲ್ಪನೆ’ ಎಂಬ ಉಪನ್ಯಾಸ ನಿಗದಿಯಾಗಿ, ಕಂಬಗಳ ಮೇಲೆ ಮುಂಚಿತವಾಗಿಯೇ ಪ್ರಕಟವಾಯಿತು. ಗಂಜಿಮನೆ ಮುಚ್ಚಿದರೆ ಪ್ರಜೆಗಳು ಸ್ವಾವಲಂಬಿಗಳಾಗುತ್ತಾರೆ ಎಂಬುದು ಅದರ ಸಾರ. ಬರೆದವರು ಅನುಮೋದರಾಯರು.

ಓದುವವರು ಬೇಕಿತ್ತು. ಹಿರಿಯ ಪ್ರಾಧ್ಯಾಪಕರೆಲ್ಲರ ಮನೆಯಲ್ಲೂ ಆ ವಾರ ನೆಟ್‌ವರ್ಕ್ ಕೈಕೊಟ್ಟಿತು. ಕೊನೆಗೆ ಕುಲಪತಿಗಳು ಅತಿಥಿ ಉಪನ್ಯಾಸಕ ಹಾಲಪ್ಪನನ್ನು ಕರೆಸಿದರು. ಬೇರೆಲ್ಲ ಕಡೆ ಅತಿಥಿಗೆ ಎಲೆ ಹಾಕಿ ಊಟ ಬಡಿಸುತ್ತಾರೆ. ಆ ವಿಶ್ವವಿದ್ಯಾಲಯದಲ್ಲಿ ಮಾತ್ರ ಅತಿಥಿ ಎಂದರೆ ತನ್ನ ಊಟ ತಾನು ನೋಡಿಕೊಳ್ಳಬೇಕಾದವನು ಎಂದರ್ಥ. ಸಂಬಳ ಯಾವಾಗಲೋ ಬರುತ್ತಿತ್ತು, ಎಷ್ಟೋ ಬರುತ್ತಿತ್ತು. ಹಾಲಪ್ಪನ ತಲೆಯಲ್ಲಿ ಬಿಳಿಕೂದಲು ಬಂದಿದ್ದರೂ ಅವನಿನ್ನೂ ಅತಿಥಿ. ಎರಡನೆಯ ಪಿರಿಯಡ್ ಮುಗಿಸಿ, ಕಾಂಪೌಂಡಿನ ಹಿಂದಿನ ಸಣ್ಣ ಗೇಟಿನಿಂದ ಇಳಿದು, ವಿದ್ಯಾರ್ಥಿಗಳು ಕಾಣದ ಹಾಗೆ ಗಂಜಿಮನೆಯ ಸಾಲಿನ ತುದಿಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ದೊಡ್ಡತಾಯಮ್ಮ ಅದನ್ನು ಗಮನಿಸಿ, ಆ ತುದಿಗೆ ಒಂದು ಹಳೆಯ ಸೀರೆಯನ್ನು ಒಣಹಾಕುವವಳಂತೆ ಅಡ್ಡಕಟ್ಟಿದ್ದಳು. ಆ ಸೀರೆ ಅಲ್ಲಿ ಏಕಿದೆ ಎಂದು ಅವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಉಪನ್ಯಾಸದ ಹಾಳೆಗಳನ್ನು ನೋಡಿ ಹಾಲಪ್ಪನ ಮುಖ ಬಿಳಚಿಕೊಂಡಿತು.

“ಸರ್, ನಾನು ಮಧ್ಯಾಹ್ನ ಅಲ್ಲೇ ಊಟ ಮಾಡೋದು.”

“ಒಳ್ಳೇದೇ ಆಯ್ತಲ್ಲ,” ಎಂದರು ಕುಲಪತಿಗಳು. “ಫೀಲ್ಡ್‌ವರ್ಕ್ ಮುಗಿದುಹೋಗಿದೆ.”

“ಅದಲ್ಲ ಸರ್...”

“ನೋಡಪ್ಪಾ ಹಾಲಪ್ಪ, ನೀನೇನು ಗೋಡೆ ಕೆಡವಬೇಕಾಗಿಲ್ಲ. ಓದಿದರೆ ಸಾಕು. ಜನ ಹೂಂ ಅಂದರೆ ಆಯ್ತು, ಅನ್ನದಿದ್ದರೆ ಬಿಟ್ಟರು. ನಿನ್ನ ಹೆಸರಿನ ಹಿಂದಿರುವ ಆ ‘ಅತಿಥಿ’ ಅನ್ನೋ ಪದ ಇದೆಯಲ್ಲ, ನಾಳೆ ಸಂಜೆ ನಾನೇ ನಿಂತು ತೆಗೆಸುತ್ತೇನೆ.”

ಜನ ಅನ್ನದಿದ್ದರೆ ಬಿಟ್ಟರು ಎಂಬ ಮಾತನ್ನು ಹಿಡಿದುಕೊಂಡು ಹಾಲಪ್ಪ ಹಾಳೆಗಳನ್ನು ಎತ್ತಿಕೊಂಡ. ಊರು ಹೂಂ ಎನ್ನಲಾರದು ಎಂಬ ಧೈರ್ಯ ಅವನಿಗಿತ್ತು. ಊರಿನ ಧೈರ್ಯವೂ ಅದೇ ಆಗಿತ್ತು.

ಉಪನ್ಯಾಸವಿದ್ದದ್ದು ಸರಿಯಾಗಿ ಊಟದ ಹೊತ್ತಿಗೆ. ಗಂಜಿಮನೆಯ ಮುಂದಿನ ಕಂಬದ ಕೆಳಗೆ ಗಾಡಿಯವರು, ಹೂವಿನವರು, ನೇಕಾರರು ಎಲ್ಲ ಸೇರಿದ್ದರು. ಎತ್ತಿನ ಗಾಡಿಯ ಮುದ್ದೇಗೌಡ ಹಿಂದಿನ ದಿನದಿಂದಲೇ ಬೀದಿ ಬೀದಿ ಸುತ್ತಿ ಎಲ್ಲರಿಗೂ ಹೇಳಿಟ್ಟಿದ್ದ: ನಾಳೆ ಬಾಯಿ ಹೊಲಿದುಕೊಳ್ಳಿ, ಕೆಮ್ಮೂ ಬೇಡ. ಕೆಲವರು ಬಾಯಿಗೆ ಅಡಿಕೆ ಹಾಕಿಕೊಂಡಿದ್ದರು, ಹೆಂಗಸರು ಸೆರಗು ಕಚ್ಚಿಕೊಂಡಿದ್ದರು. ಕೆಮ್ಮುವ ಮುದುಕರನ್ನು ಅವರ ಒಪ್ಪಿಗೆಯ ಮೇಲೆಯೇ ಊರ ಹೊರಗಿನ ಮಂಟಪದಲ್ಲಿ ಕೂರಿಸಿ ಬಂದಿದ್ದರು. ದೊಡ್ಡತಾಯಮ್ಮ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಅವರೆಕಾಳಿನ ಸಾರು ಕುದಿಯುತ್ತಿತ್ತು.

ಪರದೆಯ ಮೇಲೆ ಹಾಲಪ್ಪ ಬಂದ. ಅವನ ಹಿಂದೆ ಬಣ್ಣದ ಸ್ಲೈಡು, ಮೂಲೆಯಲ್ಲಿ ಪುಟ್ಟ ಚೌಕದೊಳಗೆ ಕಿವಿಗೊಟ್ಟು ಕೂತ ಮಹಾರಾಜರು. ಹಾಲಪ್ಪ ಓದಿದ. ಹಸಿವು ಎಂಬುದು ಒಂದು ಸ್ಥಿತಿಯಲ್ಲ, ಒಂದು ದೃಷ್ಟಿಕೋನ ಎಂದ. ಯಾರೂ ಹೂಂ ಎನ್ನಲಿಲ್ಲ. ಉಚಿತ ಭೋಜನವು ಪ್ರಜೆಗಳ ಅಂತಃಶಕ್ತಿಯನ್ನು ಕುಗ್ಗಿಸುತ್ತದೆ ಎಂದ. ಬೀದಿ ಕಲ್ಲಿನಂತೆ ನಿಂತಿತ್ತು. ಆದ್ದರಿಂದ ಪ್ರಸ್ತುತ ಕೇಂದ್ರವನ್ನು ಮುಚ್ಚಿ ಎಂದವನು ಅಲ್ಲಿಗೆ ನಿಂತ.

ಗೆದ್ದೆವು ಎಂದು ಮುದ್ದೇಗೌಡ ಕಣ್ಣಲ್ಲೇ ಎಲ್ಲರಿಗೂ ಹೇಳಿದ. ನಿಜಕ್ಕೂ ಗೆದ್ದಿದ್ದರು. ಮಹಾರಾಜರ ಮುಖ ಬಾಡತೊಡಗಿತ್ತು. ಇನ್ನು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಉಪನ್ಯಾಸ ಬಿದ್ದುಹೋಗುತ್ತಿತ್ತು, ಒಲೆ ಉಳಿಯುತ್ತಿತ್ತು.

ಆದರೆ ಹಾಲಪ್ಪನಿಗೆ ಮಾತೇ ಹೊರಡುತ್ತಿರಲಿಲ್ಲ. ಬೆವರು ಕಣ್ಣಿಗಿಳಿದು, ಸಾಲು ತಪ್ಪಿ, ಹಾಳೆ ಹಿಂದೆ ಮುಂದೆ ಮಾಡಿದ. ಒಂದು ಹಾಳೆ ಕೆಳಗೆ ಬಿತ್ತು. ಕುಲಪತಿಗಳ ಕೈಯೊಂದು ಪರದೆಯ ಅಂಚಿನಲ್ಲಿ ಬಂದು, ಓದು ಓದು ಎಂದು ಸನ್ನೆ ಮಾಡಿತು. ಹಾಲಪ್ಪ ಬಾಯಿ ತೆರೆದ, ಮುಚ್ಚಿದ. ಇಡೀ ರಾಜ್ಯ ಅವನನ್ನು ನೋಡುತ್ತಿತ್ತು. ಅವನಿಗೆ ಕಾಣುತ್ತಿದ್ದದ್ದು ಕ್ಯಾಮೆರಾದ ಕಪ್ಪು ಗಾಜು ಮಾತ್ರ. ಶಾಲೆಯ ವಾರ್ಷಿಕೋತ್ಸವದಲ್ಲಿ ಪದ್ಯ ಮರೆತು, ಅಮ್ಮ ಎಲ್ಲಿದ್ದಾಳೆ ಎಂದು ಸಭೆಯಲ್ಲಿ ಹುಡುಕುವ ಮಗುವಿನ ಮುಖವನ್ನು ನೀವು ನೋಡಿರುತ್ತೀರಿ. ಅದೇ ಮುಖ.

“ಹೂಂ,” ಎಂದಳು ದೊಡ್ಡತಾಯಮ್ಮ. “ಹೇಳಪ್ಪ. ಒಂಚೂರು ನೀರು ಕುಡ್ಕಂಡು ಹೇಳು.”

ಜರಡಿ ನೀರನ್ನು ಉದುರಿಸಿತು. ಹೂಂ ಮೇಲೆ ಹೋಯಿತು. ಕಂಬದ ಮೇಲೆ ಹಸಿರು ದೀಪ ಹೊತ್ತಿಕೊಂಡಿತು.

ಮುದ್ದೇಗೌಡ ಬಾಯಲ್ಲಿದ್ದ ಅಡಿಕೆ ಉಗಿದು ತಲೆಯ ಮೇಲೆ ಕೈ ಹೊತ್ತು ಕೂತ.

“ಏನ್ ದೊಡ್ಡತಾಯವ್ವ, ಇಂಗ್ ಮಾಡ್‌ಬುಟ್ಟೆ. ನಾವೆಲ್ಲ ಬಾಯಿ ಕಟ್ಕಂಡು ನಿಂತಿದ್ದು ಯಾರ್ಗೋಸ್ಕರ?”

“ಮಾತು ಸಿಗಾಕ್ಕಂಬುಟ್ಟಿತ್ತು ಕಣೋ ಆ ಮಗೀಗೆ,” ಎಂದಳು ಅವಳು. “ನೋಡ್ಕಂಡು ಎಂಗ್ ನಿಂತ್ಕಳಾದು?”

“ಅವ್ನು ಓದ್ತಿದ್ದಿದ್ದು ನಿನ್ ಒಲೆ ಕೆಡ್ಸಕ್ಕೆ.”

“ಅದ್ ಗೊತ್ತು ನಂಗೆ. ಆದ್ರೂವೆ.”

ಆದರೂ ಎಂಬ ಪದಕ್ಕೆ ಆ ರಾಜ್ಯದ ಯಾವ ಶಾಸನದಲ್ಲೂ ಜಾಗವಿರಲಿಲ್ಲ. ಮುದ್ದೇಗೌಡ ಎದ್ದು ಒಳಗೆ ಹೋಗಿ ತಟ್ಟೆಗಳನ್ನು ಇಡತೊಡಗಿದ. ಕೊನೆಯ ಊಟವಾದರೂ ಬಿಸಿಯಾಗಿರಲಿ ಎಂದು ಎಲ್ಲರೂ ಕೂತರು. ತುದಿಯ ಸೀರೆಯ ಹಿಂದಿನ ಜಾಗ ಮಾತ್ರ ಅಂದು ಖಾಲಿ ಇತ್ತು. ದೊಡ್ಡತಾಯಮ್ಮ ಅಲ್ಲಿಗೂ ಒಂದು ತಟ್ಟೆ ಇಟ್ಟು ಮುಚ್ಚಿದಳು.

ಅರಮನೆಯಲ್ಲಿ ಹಬ್ಬವಾಯಿತು. ಒಂದೇ ಒಂದು ಹೂಂ ಬಂದಿದೆಯಲ್ಲ ಎಂದು ಯಾರೋ ಗೊಣಗಿದರು. ಒಂದಾದರೇನು, ಗಂಜಿಮನೆಯ ಅಡುಗೆಯಾಕೆಯದೇ, ಅಂದರೆ ಮುಖ್ಯ ಸ್ಟೇಕ್‌ಹೋಲ್ಡರ್‌ರವರ ಸಂಪೂರ್ಣ ಸಮ್ಮತಿ ಎಂದು ಅನುಮೋದರಾಯರು ಅಪ್ಪಣೆ ಹೊರಡಿಸಿದರು. ದೊಡ್ಡತಾಯಮ್ಮನನ್ನು ಕರೆಸಿ ‘ಸಮ್ಮತಿಮಾತೆ’ ಎಂಬ ಬಿರುದು ಕೊಟ್ಟು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತು ಫೋಟೊ ತೆಗೆಸಿದರು. ಬುಟ್ಟಿಯನ್ನು ಮುಂದಿನ ಸನ್ಮಾನಕ್ಕೆ ಬೇಕೆಂದು ವಾಪಸ್ ಇಸಿದುಕೊಂಡರು. ಸನ್ಮಾನದ ನಂತರ ಎರಡು ಮಾತಾಡಿ ಎಂದಾಗ ಅವಳು, ನಾಳೆಯಿಂದ ಗಾಡಿಯೋರು ಎಲ್ ಉಣ್ಣಬೇಕು ಸ್ವಾಮಿ ಎಂದು ಕೇಳಿದಳು. ಅಲ್ಲಿಯೂ ಒಂದು ಜರಡಿ ಇತ್ತು.

ಕುಲಪತಿಗಳು ಮಾತು ತಪ್ಪಲಿಲ್ಲ. ಹಾಲಪ್ಪನ ಹೆಸರಿನ ಹಿಂದಿನ ‘ಅತಿಥಿ’ ಎಂಬ ಪದವನ್ನು ತಾವೇ ನಿಂತು ತೆಗೆಸಿದರು. ಅದರ ಜಾಗಕ್ಕೆ ‘ಗೌರವ’ ಎಂದು ಬರೆಸಿದರು. ಅತಿಥಿ ಉಪನ್ಯಾಸಕನಿಗೆ ಸಂಬಳ ಯಾವಾಗಲೋ ಬರುತ್ತಿತ್ತು. ಗೌರವ ಉಪನ್ಯಾಸಕನಿಗೆ ಗೌರವವಷ್ಟೇ ಬರುತ್ತದೆ.

ಗಂಜಿಮನೆ ಬಿತ್ತು. ಮುತ್ತಜ್ಜಿಯ ಕಾಲದ ಒಲೆಯ ಕಲ್ಲುಗಳನ್ನು ಗಾಡಿಯಲ್ಲಿ ಹೇರಿಕೊಂಡು ಹೋಗುವ ಕೆಲಸ ಮುದ್ದೇಗೌಡನಿಗೇ ಬಿತ್ತು. ದೂರದೂರಿನ ಗಾಡಿಯವರು ಮಧ್ಯಾಹ್ನ ಬಂದು ನೋಡಿ, ಎತ್ತಿಗೆ ಹುಲ್ಲು ಹಾಕಿ, ತಾವು ನೀರು ಕುಡಿದು ಮಲಗುತ್ತಿದ್ದರು. ಊರಿನಲ್ಲಿ ಹೂಂ ಎನ್ನುವುದೇ ನಿಂತಿತು. ಗಂಡ ಹೆಂಡತಿಯ ಮಾತಿಗೆ ತಲೆಯಾಡಿಸಿ ಸುಮ್ಮನಾಗುತ್ತಿದ್ದ. ಸಂಜೆ ಅಜ್ಜಿಯರು ಅವರೆಕಾಯಿ ಮೊರ ಮುಂದಿಟ್ಟುಕೊಂಡು ಕಥೆ ಶುರುಮಾಡಿದರೆ, ತಾಯಂದಿರು ಓಡಿಬಂದು ಮಕ್ಕಳ ಬಾಯಿ ಮುಚ್ಚುತ್ತಿದ್ದರು. ಹೂಂ ಇಲ್ಲದ ಕಥೆ ಅರ್ಧಕ್ಕೆ ನಿಲ್ಲುತ್ತಿತ್ತು. ಎಷ್ಟೋ ರಾಜಕುಮಾರರು ಎಷ್ಟೋ ಹುಲಿಗಳ ಬಾಯಲ್ಲಿ ಹಾಗೇ ಉಳಿದರು.

ಮುಂದಿನ ಅವರೆಯ ಕಾಲಕ್ಕೆ ‘ಆನ್‌ಲೈನ್ ಉಪನ್ಯಾಸ ಸೌಧ’ ಎದ್ದು ನಿಂತಿತು. ಅಮೃತಶಿಲೆಯ ಮೆಟ್ಟಿಲು, ಬಾಗಿಲಿಗೆ ಬೀಗ. ಉಪನ್ಯಾಸಗಳು ಆನ್‌ಲೈನ್ ಆದ್ದರಿಂದ ಒಳಗೆ ಯಾರೂ ಹೋಗಬೇಕಾಗಿರಲಿಲ್ಲ. ಉದ್ಘಾಟನೆಯೂ ಅರಮನೆಯಿಂದಲೇ ಆಯಿತು. ನವನೀತರಾಯರು ಮಹಾರಾಜರಿಗೆ ‘ಸರ್ವಜನಸಮ್ಮತ’ ಎಂಬ ಗೌರವ ಪದವಿ ನೀಡಿ, ಚಿನ್ನದಲ್ಲಿ ಮಾಡಿಸಿದ ಕಿವಿಯಾಕಾರದ ಕಿರೀಟವನ್ನು ತಮ್ಮ ಕೈಯಿಂದಲೇ ತೊಡಿಸಿದರು.

“ಪ್ರಭು, ಇತಿಹಾಸದಲ್ಲಿ ಇಷ್ಟು ಆಲಿಸಿದ ದೊರೆ ಇನ್ನೊಬ್ಬರಿಲ್ಲ,” ಎಂದರು.

“ನಾವು ಆಲಿಸಿದ್ದೇವೆಯೇ?” ಎಂದು ಮಹಾರಾಜರು ಸಂಕೋಚಪಟ್ಟರು.

“ತಾವು ಮಾತನಾಡುವಾಗ ನಾವು ಹತ್ತಿರದಿಂದ ನೋಡಿದ್ದೇವೆ, ಪ್ರಭು. ತಮ್ಮ ಕಿವಿ ತೆರೆದೇ ಇರುತ್ತದೆ.”

ಕಿರೀಟಧಾರಿಗಳಾಗಿ ಮಹಾರಾಜರು ಅಂದಿನ ಹೊಸ ಚಿಂತನೆಯನ್ನು ಮಂಡಿಸಲು ಕೂತರು. ವಿಷಯ: ‘ಸಾರ್ವಜನಿಕ ನೆರಳಿನ ಸದ್ಬಳಕೆ’. ವಿಶ್ವವಿದ್ಯಾಲಯದ ಕಾಂಪೌಂಡಿನ ನೆರಳನ್ನು ಪ್ರಜೆಗಳು ತಲೆತಲಾಂತರದಿಂದ ಪುಕ್ಕಟೆಯಾಗಿ ಬಳಸುತ್ತಿದ್ದಾರೆ, ಇನ್ನು ಮುಂದೆ ಅಲ್ಲಿ ಕೂರುವವರು ಸುಂಕ ಕೊಡತಕ್ಕದ್ದು ಎಂಬುದು ಅದರ ತಿರುಳು. ಕಂಬ ಕಂಬಗಳ ಮೇಲೆ ಅವರ ದನಿ ಮೊಳಗಿತು. ಬೀದಿಗಳಲ್ಲಿ ಒಂದು ನರಪಿಳ್ಳೆಯೂ ಬಾಯಿ ಬಿಡಲಿಲ್ಲ. ಮಹಾರಾಜರು ಒಂದು ವಾಕ್ಯ ಹೇಳಿದರು, ಕಾದರು.

ಅದೇ ಕಾಂಪೌಂಡಿನ ನೆರಳಿನಲ್ಲಿ, ಹಿಂದಿನ ಸಣ್ಣ ಗೇಟಿನ ಬಳಿ, ಹಾಲಪ್ಪ ಗೋಡೆಗೆ ಮುಖ ಮಾಡಿ ಕೂತಿದ್ದ. ಆ ದಿನದ ನಂತರ ಅವನು ದೊಡ್ಡತಾಯಮ್ಮನ ಕಣ್ಣಿಗೆ ಬಿದ್ದಿರಲಿಲ್ಲ, ಬೀಳದಂತೆ ನೋಡಿಕೊಂಡಿದ್ದ. ಹೆಜ್ಜೆಯ ಸದ್ದಿಗೆ ತಿರುಗಿದಾಗ ಅವಳು ಎದುರಿಗೇ ನಿಂತಿದ್ದಳು. ಕಂಕುಳಲ್ಲಿ ಸೆರಗು ಮುಚ್ಚಿದ ಒಂದು ಡಬ್ಬಿ. ಅವರೆಕಾಳು ಸಾರಿನ ಸೊಗಡು ಅವಳಿಗಿಂತ ಮೊದಲೇ ಬಂದಿತ್ತು.

ಅವನು ಗಡಬಡಿಸಿ ಎದ್ದ. ಹೇಳಬೇಕಾದ್ದನ್ನೆಲ್ಲ ಒಂದು ವರ್ಷದಿಂದ ಮನಸ್ಸಿನಲ್ಲೇ ಬರೆದು ತಿದ್ದಿ ಇಟ್ಟುಕೊಂಡಿದ್ದ. ಈಗ ಅದರಲ್ಲಿ ಒಂದು ಸಾಲೂ ನೆನಪಾಗಲಿಲ್ಲ. ಅವಳು ಡಬ್ಬಿಯ ಮುಚ್ಚಳ ತೆಗೆದು, ಒಳಗೆ ಮುದ್ದೆ ಮುರಿಯದೆ ಬಂದಿದೆಯೇ ಎಂದು ನೋಡಿ, ಮತ್ತೆ ಮುಚ್ಚಿದಳು. ಅದು ಒಬ್ಬರ ಊಟ. ಇದ್ದದ್ದನ್ನೆಲ್ಲ ಅದಕ್ಕೇ ತುಂಬಿ, ಮನೆಯಲ್ಲಿ ಖಾಲಿ ಪಾತ್ರೆ ತೊಳೆದಿಟ್ಟು ಬಂದವಳ ಕೈ ಇನ್ನೂ ಒದ್ದೆಯಾಗಿತ್ತು.

“ನಿಮ್ಮದು ಆಯ್ತಾ ಅಮ್ಮ, ಊಟ?” ಎಂದು ಹಾಲಪ್ಪ ಕೇಳಿದ.

“ಹೂಂ,” ಎಂದಳು ದೊಡ್ಡತಾಯಮ್ಮ.

ಗೋಡೆಯ ಪಕ್ಕದ ಕಂಬದ ಮೇಲೆ ಹಸಿರು ದೀಪ ಹೊತ್ತಿಕೊಂಡಿತು. ಪರದೆಯಲ್ಲಿ ಮಹಾರಾಜರ ಮುಖ ಅರಳಿ, ಮಾತು ಮುಂದುವರಿಯಿತು. ಅವಳು ಅತ್ತ ನೋಡಲಿಲ್ಲ. ಡಬ್ಬಿಯ ಬಿಸಿ ತಾಗದಿರಲೆಂದು ಸೆರಗಿನ ತುದಿಯನ್ನು ಅಡಿಗೆ ಮಡಿಸಿ, ಅವನ ಎರಡೂ ಕೈಗಳಲ್ಲಿ ಮೆಲ್ಲಗೆ ಇಟ್ಟಳು.